ಎಸೆಯುವ ಮುನ್ನ ಒಮ್ಮೆ ಯೋಚಿಸಿ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ರ ನಿಯಮಗಳಿಗೆ ಒಗ್ಗದ, ಆದರೆ ಸುಸ್ಥಿತಿಯಲ್ಲೇ ಇರುವ ಯಂತ್ರಗಳು ಇದರಿಂದ ಕಸದ ದಾರಿ ಹಿಡಿದಿವೆ. ಯಡಿಯೂರಿನಲ್ಲಿ ಕೋಣೆ ಹಿಡಿದು ಓದುವ ನಮ್ಮ ಮಲೆನಾಡಿನ ಮಕ್ಕಳು ಹೊಸ ಲ್ಯಾಪ್‌ಟಾಪಿಗೆ ಸಾಲ ಮಾಡುವ ಮುನ್ನ ಎಸ್.ಪಿ. ರಸ್ತೆಗೊಮ್ಮೆ ಹೋಗಿಬರಲಿ. ಕಚೇರಿಗಳು ಕೈಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳಲ್ಲಿ ಲಿನಕ್ಸ್ ಮಿಂಟ್ ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತದೆ. 8 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಧಾರಾಳವಾಯಿತು. ಪೆನ್‌ಡ್ರೈವಿನಿಂದಲೇ ಲಿನಕ್ಸನ್ನು ಚಾಲನೆಗೊಳಿಸಿ ವೈಫೈ, ಧ್ವನಿ, ಕೀಲಿಮಣೆಗಳನ್ನು ಅಂಗಡಿಯಲ್ಲೇ ಪರೀಕ್ಷಿಸಿರಿ. ಒಪ್ಪದಿದ್ದರೆ ಪಕ್ಕದ ಅಂಗಡಿಗೆ ನಡೆಯಿರಿ. ಬ್ಯಾಟರಿಯ ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ನಂಬಬಾರದು. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ತಿಲ್ಲದ ನಮ್ಮ ಊರುಗಳಲ್ಲಿ ಅದೇ ಯಂತ್ರದ ಜೀವಾಳ. ಹೊಸ ಬ್ಯಾಟರಿಯ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಚೌಕಾಸಿಗೆ ಇಳಿಯಿರಿ.