ಹಗ್ಗ ಮನೇಲಿ ಐತೆ, ಕೈಗೆ ಸಿಗಲ್ಲ

ನಮ್ಮನೇಲಿ ನನಗೆ "ಹಗ್ಗದಮ್ಮ" ಅಂತ ಹೆಸ್ರಿಟ್ಟವ್ರೆ. ಹಗ್ಗಾನ ಎಲ್ಲಂದ್ರಲ್ಲಿ ಬಿಸಾಕಿದ್ರೆ ಬಾಯಿ ಮಾಡ್ತೀನಲ್ಲ, ಅದಕ್ಕೆ. ಮೊನ್ನೆ ಒಂದು ನಾಮಕರಣದಲ್ಲಿ ನಮ್ಮೋರೇ ನಾಲ್ಕು ಜನ ಕೂತ್ಕಂಡು, "ಹಗ್ಗ ಸುತ್ತಿಡೋದೂ ಒಂದು ಕೆಲ್ಸಾನಾ, ವಯಸ್ಸಾದ್ಮೇಲೆ ಇಂಥವೇ ಹಿಡ್ಕಂತವೆ" ಅಂತ ನಕ್ರು. ಉಣ್ಣೋ ಮನೇಲಿ ಜಗಳ ಬೇಡ ಅಂತ ಅಲ್ಲಿ ಸುಮ್ನಿದ್ದೆ. ಇಲ್ಲಿ ಸುಮ್ನಿರಲ್ಲ.

ಎರಡು ವರ್ಷದ ಹಿಂದೆ ಕೊರಟಗೆರೆ ಕಡೆ ನನ್ನ ತಂಗಿ ತೋಟಕ್ಕೆ ಹೋಗಿದ್ದೆ. ಗಂಡಸ್ರು ಯಾರೂ ಇರ್ಲಿಲ್ಲ. ತಂಗಿ ಮೊಮ್ಮಗ, ಎಂಟು ವರ್ಷದ ಹುಡ್ಗ, ಚೆಂಡು ತರಾಕೆ ಹೋಗಿ ಕೃಷಿ ಹೊಂಡಕ್ಕೆ ಜಾರಿದ. ಹೊಂಡಕ್ಕೆ ಹಾಸಿರೋ ಪ್ಲಾಸ್ಟಿಕ್ ಹಾಳೆ ನಿಮಗೆ ಗೊತ್ತಲ್ಲ, ಪಾಚಿ ಕಟ್ಟಿದ್ರೆ ಬೆಣ್ಣೆ ಸವರಿದಂಗೆ. ಮಗು ಎರಡು ಕೈಲೂ ಪರಚ್ತಾ ಐತೆ, ಹಿಡ್ಕಳಾಕೆ ಏನೂ ಇಲ್ಲ. ಹಗ್ಗ ತಗಂಡು ಬಾ ಅಂತ ಕೂಗ್ದೆ. ತಂಗಿ ಸೊಸೆ ಮೋಟ್ರು ಮನೆಗೆ ಓಡಿದ್ಲು. ಹಗ್ಗ ಇತ್ತು ಕಣ್ರಮ್ಮ! ಅರವತ್ತಡಿ ಹಗ್ಗ, ಹೊಸ್ದು. ಆದ್ರೆ ಡ್ರಿಪ್ ಪೈಪು, ಗುದ್ಲಿ ಕಾವು, ಹರಿದ ಗೋಣಿಚೀಲ ಎಲ್ಲದ್ರ ಜೊತೆ ಹೆಣಕಂಡು ಒಂದು ಗುಡ್ಡೆ ಆಗಿತ್ತು. ಆ ಹುಡ್ಗಿ ಅಳ್ತಾ ಎಳೀತಾಳೆ, ಎಳೆದಷ್ಟೂ ಗಂಟು ಬಿಗೀತೈತೆ. ಹತ್ತಡಿನೂ ಬಿಡಿಸ್ಕಳಾಕೆ ಆಗ್ಲಿಲ್ಲ. ಕೊನೆಗೆ ನಾನೂ ನನ್ನ ತಂಗಿನೂ ಉಟ್ಟಿದ್ದ ಸೀರೆ ಬಿಚ್ಚಿ ಒಂದಕ್ಕೊಂದು ಗಂಟಾಕಿ ಎಸೆದ್ವಿ. ಮಗು ಉಳೀತು.

ಸಂಜೆ ಗಂಡಸ್ರು ಬಂದು "ದೇವ್ರು ದೊಡ್ಡೋನು" ಅಂದ್ರು. ದೊಡ್ಡೋನೇ, ನಾನೂ ಕೈ ಮುಗಿದೆ. ಆದ್ರೆ ಆ ಹಗ್ಗಾನ ಅಲ್ಲಿ ಗುಡ್ಡೆ ಮಾಡಿದ್ದು ದೇವ್ರಲ್ಲವಲ್ಲ. ಹಿಂದಿನ ದಿನ ಮೋಟ್ರು ಎತ್ತಿ, ಕೆಲ್ಸ ಆದ್ಮೇಲೆ ಮೂಲೆಗೆ ಎಸೆದೋರು ಯಾರು ಅಂತ ಕೇಳಿದ್ರೆ ಒಬ್ರೂ ಉಸಿರು ಬಿಡ್ಲಿಲ್ಲ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ಕಡೆ ಹೋದ್ರೂ ಈಗ ಹೊಂಡಗಳೇ. 2014ರಲ್ಲಿ ಕೃಷಿ ಭಾಗ್ಯ ಬಂದ್ಮೇಲೆ ಇನ್ನೂ ಹೆಚ್ಚಾದ್ವು. ಹೊಂಡ ಬೇಡ ಅಂತ ನಾನು ಹೇಳ್ತಿಲ್ಲ. ಮಳೆ ಕೈ ಕೊಟ್ಟಾಗ ಕಡ್ಲೇಕಾಯಿಗೆ, ರಾಗಿಗೆ ಒಂದು ನೀರು ಕೊಟ್ರೆ ವರ್ಷದ ಕೂಳು ಉಳೀತೈತೆ. ಆದ್ರೆ ಮೂರು ಮೀಟರ್ ಆಳ ಅಂದ್ರೆ ಹತ್ತಡಿ. ಈಜು ಬರೋ ಗಂಡಸೇ ಆ ಹಾಳೆ ಮೇಲೆ ಹತ್ತಿ ಬರಾಕೆ ಆಗಲ್ಲ. ಸುತ್ತ ಬೇಲಿ ಬೇಕು. ಒಂದು ದಡದಲ್ಲಿ ಗೂಟ ನೆಟ್ಟು, ಅಡಿಗೊಂದು ಗಂಟು ಹಾಕಿದ ಹಗ್ಗ ಯಾವಾಗ್ಲೂ ನೀರಿನ ತಳದವರೆಗೂ ಇಳಿಬಿಟ್ಟಿರ್ಬೇಕು. ಅದನ್ನ ಬಟ್ಟೆ ಒಣಗಾಕಾಕೆ ಬಿಚ್ಕಂಡು ಹೋಗಬಾರ್ದು. ನಾವು ಹೆಂಗಸ್ರೇ ಆ ಕೆಲ್ಸ ಮಾಡ್ತೀವಿ, ನಮ್ಮ ತಪ್ಪೂ ಹೇಳ್ಬೇಕಲ್ಲ.

ನಮ್ಮಜ್ಜಿ ಕಾಲದಲ್ಲಿ ಹಗ್ಗಕ್ಕೆ ಬೆಲೆ ಇತ್ತು. ಕತ್ತಾಳೆ ಪಟ್ಟೆ ಕೆರೇಲಿ ಕೊಳೆಹಾಕಿ, ಆ ನಾತ ಕುಡ್ಕಂಡು, ನಾರು ತೆಗೆದು ಹೊಸೀಬೇಕಿತ್ತು. ಸೇದೋ ಹಗ್ಗ ಬೇರೆ, ದನದ ಕಣ್ಣಿ ಬೇರೆ, ಹುಲ್ಲಿನ ಹೊರೆ ಹಗ್ಗ ಬೇರೆ, ಒಂದೊಂದಕ್ಕೆ ಒಂದೊಂದು ಗೂಟ. ಬಿಂದಿಗೆ ಬಾವಿಗೆ ಬಿದ್ರೆ ತೆಗೆಯೋ ಪಾತಾಳಗರಡಿ ಯಾರಾದ್ರೂ ಕೇಳಾಕೆ ಬಂದ್ರೆ, ಅಜ್ಜಿ ಅವರ ಮನೆ ತಂಬಿಗೆ ಒಂದನ್ನ ಇಸ್ಕಂಡೇ ಕೊಡೋದು. ಜಿಪುಣತನ ಅಲ್ಲ, ಸಾಮಾನು ಜಾಗಕ್ಕೆ ವಾಪಸ್ ಬರಲಿ ಅಂತ. ಈಗ ಅಂಗಡೀಲಿ ಕೆ.ಜಿ. ಲೆಕ್ಕದಲ್ಲಿ ಹಗ್ಗ ಸಿಗ್ತೈತೆ, ಅದಕ್ಕೇ ಈ ಅಸಡ್ಡೆ.

ಹಗ್ಗ ಸುತ್ತೋದು ಸಣ್ಣ ಕೆಲ್ಸ ಅನ್ನೋರಿಗೆ ಒಂದು ಮಾತು. ನಮ್ಮ ನೌಕಾಪಡೆಯ ದಿಲ್ನಾ, ರೂಪಾ ಅನ್ನೋ ಇಬ್ಬರೇ ಹೆಣ್ಮಕ್ಕಳು ತಾರಿಣಿ ಅನ್ನೋ ಹಾಯಿ ದೋಣೀಲಿ 2024ರ ಅಕ್ಟೋಬರ್ 2ಕ್ಕೆ ಗೋವಾ ಬಿಟ್ಟು, ಭೂಮೀನೇ ಸುತ್ತಿ 2025ರ ಮೇ 29ಕ್ಕೆ ವಾಪಸ್ ಬಂದ್ರು. ದೋಣಿ ಉದ್ದ 56 ಅಡಿ. ಹಾಯಿ ದೋಣಿ ಅಂದ್ರೆ ಹಗ್ಗಗಳ ಸಂಸಾರ. ಹಾಯಿ ಏರಿಸಾಕೊಂದು, ಇಳಿಸಾಕೊಂದು, ಎಳೆದು ಬಿಗಿಯಾಕೊಂದು. ನಡುರಾತ್ರಿ ಬಿರುಗಾಳಿ ಬಂದಾಗ ಹಗ್ಗ ಸಿಕ್ಕು ಹಾಕ್ಕಂಡ್ರೆ ಹಾಯಿ ಇಳಿಯಲ್ಲ, ಹಾಯಿ ಇಳೀದಿದ್ರೆ ಜೀವಕ್ಕೇ ಕುತ್ತು. ಅದಕ್ಕೇ ದೋಣೀಲಿ ಕೆಲ್ಸ ಮುಗಿದ ತಕ್ಷಣ ಹಗ್ಗ ಸುತ್ತಿ ಅದರ ಜಾಗಕ್ಕೆ ಇಡೋದು ಮೊದಲ ಪಾಠ. ಅಲ್ಲಿ ಅದನ್ನ ವಿದ್ಯೆ ಅಂತಾರೆ. ನಾನು ಹೇಳಿದ್ರೆ ಗೊಣಗಾಟ ಅಂತಾರೆ.

ಮಾಡೋದೇನು ಕಷ್ಟ ಇಲ್ಲ. ಅಂಗೈಗೂ ಮೊಣಕೈಗೂ ಸುತ್ತಬೇಡಿ, ಹುರಿ ಏರಿ ಹಗ್ಗ ತಿರುಚ್ಕಂತೈತೆ. ಬಲಗಡೆಗೆ ಸುತ್ತಾ, ಒಂದೊಂದು ಸುತ್ತಿಗೂ ಬೆರಳಲ್ಲಿ ಅರ್ಧ ತಿರುವು ಕೊಡಿ. ಆಪತ್ತಿನ ಹಗ್ಗಾನ ಸುತ್ತಲೇಬೇಡಿ. ಹಳೇ ಬಕೀಟಲ್ಲಿ ಒಂದು ತುದಿಯಿಂದ ಸುಮ್ನೆ ತುಂಬ್ತಾ ಹೋಗಿ, ಇನ್ನೊಂದು ತುದಿ ಹೊರಗೆ ನೇತಾಕಿ. ಎಳೆದ್ರೆ ನೀರು ಹರಿದಂಗೆ ಬರ್ತೈತೆ. ನೀರಿಂದ ತೆಗೆದ ನಾರಿನ ಹಗ್ಗ ಒಣಗಿಸಿಡಿ, ಇಲ್ಲಾಂದ್ರೆ ಒಳಗೊಳಗೇ ಕೊಳೀತೈತೆ. ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗ್ತೈತೆ, ನೆರಳಲ್ಲಿಡಿ. ಹೊಂಡಕ್ಕೆ ಕಟ್ಟಿದ್ದನ್ನ ಬೇಸಿಗೆಗೆ ಮುಂಚೆ ಎಳೆದು ನೋಡಿ, ಸವೆದಿದ್ರೆ ಬದ್ಲಾಯಿಸಿ. ನೆಲದ ಮೇಲೆ ಗುಡ್ಡೆ ಬಿಡಬೇಡಿ, ನಮ್ಮ ಕಲ್ಲುಬೆಟ್ಟದ ಸೀಮೇಲಿ ಅದರೊಳಗೆ ಚೇಳು ಸೇರ್ಕಂತವೆ.

ಇಷ್ಟೆಲ್ಲಾ ಗಂಡಸ್ರಿಗೆ ಹೇಳಿ ಅಂತೀರಾ? ಹೇಳಿ. "ಬಳಸಿದೋರೇ ಸುತ್ತಿಡಬೇಕು" ಅಂತ ಗಟ್ಟಿಯಾಗೇ ಹೇಳಿ. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರು ಅನ್ನೋ ಗಾದೆ ನಮಗಾಗೋದು ಬೇಡ. ಅವರು ಸುತ್ತದಿದ್ರೆ ಅವತ್ತಿಗೆ ನೀವೇ ಸುತ್ತಿ, ಮಾರನೇ ದಿನ ಮತ್ತೆ ಬಾಯಿ ಮಾಡಿ. ತಂಗಿ ಮೊಮ್ಮಗನಿಗೆ ಈಗ ಹತ್ತು ವರ್ಷ. ರಜಕ್ಕೆ ನಮ್ಮನೆಗೆ ಬಂದ್ರೆ ಮೋಟ್ರು ಮನೆ ಹಗ್ಗ ಅವನೇ ಬಕೀಟಿಗೆ ತುಂಬ್ತಾನೆ. ಹಗ್ಗದಮ್ಮ ಅಂತ ಅವನು ಮಾತ್ರ ನನ್ನ ಅಂದಿಲ್ಲ.