ಹಳೆಯ ಗರಗಸಕ್ಕೆ ನ್ಯಾಯವಾದ ಬೆಲೆ ಎಷ್ಟು?

ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದವನು ನಾನು. ಕಪ್ಪುಹಲಗೆಯ ಮೇಲೆ ಎಷ್ಟು ಲಾಭ-ನಷ್ಟದ ಲೆಕ್ಕಗಳನ್ನು ಮಾಡಿಸಿದ್ದೇನೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಲೆಕ್ಕಗಳಲ್ಲಿ ಕೊಂಡ ಬೆಲೆ, ಮಾರಿದ ಬೆಲೆ ಎರಡನ್ನೂ ಮೊದಲೇ ಕೊಟ್ಟಿರುತ್ತಾರೆ. ಆ ಬೆಲೆ ಹೇಗೆ ಗೊತ್ತಾಯಿತು, ಅದು ನ್ಯಾಯವೇ ಎಂದು ಯಾವ ಹುಡುಗನೂ ಕೇಳಲಿಲ್ಲ. ಆ ಪ್ರಶ್ನೆ ನನಗೆ ಎದುರಾದದ್ದು ನಿವೃತ್ತಿಯ ನಂತರ, 2023ರ ಬೇಸಿಗೆಯಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಒಂದು ಮನೆಯ ಗ್ಯಾರೇಜಿನಲ್ಲಿ.

ನನ್ನ ಮಗನಿಗೆ ಮರಗೆಲಸದ ಹುಚ್ಚು. ಅವನು ತಿಂಗಳುಗಟ್ಟಲೆ ಹುಡುಕುತ್ತಿದ್ದುದು ಕ್ಯಾಬಿನೆಟ್ ಟೇಬಲ್ ಸಾ ಎಂಬ ಯಂತ್ರವನ್ನು. ಮೇಲೆ ಬೀಡು ಕಬ್ಬಿಣದ ಮೇಜು, ಕೆಳಗೆ ಮುಚ್ಚಿದ ಉಕ್ಕಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮೋಟಾರು. ಮೇಜಿನ ಸೀಳಿನಿಂದ ಹತ್ತು ಅಂಗುಲದ ದುಂಡು ಗರಗಸ ಮೇಲೆದ್ದು ತಿರುಗುತ್ತದೆ. ಡೆಲ್ಟಾ ಕಂಪನಿಯ ಯೂನಿಸಾ ಈ ಜಾತಿಯಲ್ಲಿ ಹೆಸರುವಾಸಿ. 1930ರ ದಶಕದ ಕೊನೆಯಿಂದ ಬಂದ ಮಾದರಿಯದು. ಮಗನ ಕಣ್ಣಿಗೆ ಬಿದ್ದದ್ದೂ ಒಂದು ಯೂನಿಸಾ. ಅದರ ಯಜಮಾನ ತೀರಿಕೊಂಡಿದ್ದರು. ಮನೆ ಮಾರಲು ಹೊರಟಿದ್ದ ಅವರ ಪತ್ನಿ ಮುನ್ನೂರು ಡಾಲರ್ ಹೇಳಿದ್ದರು.

ಮಗ ಯಂತ್ರವನ್ನು ಪರೀಕ್ಷಿಸಿದ ರೀತಿ ನೋಡಿ ನನಗೆ ತಂದೆಯವರು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದುದು ನೆನಪಾಯಿತು. ಅವನು ಉಕ್ಕಿನ ಪಟ್ಟಿಯನ್ನು ಮೇಜಿನ ಮೇಲೆ ಮೂಲೆಯಿಂದ ಮೂಲೆಗಿಟ್ಟು ಅಡಿಯಲ್ಲಿ ಬೆಳಕು ನುಸುಳುವುದೇ ಎಂದು ನೋಡಿದ. ಮೇಲ್ಮೈಯ ತುಕ್ಕನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿದರೆ ಹೋಗುವಂಥದು. ಬ್ಲೇಡನ್ನು ಏರಿಸುವ, ಓರೆಮಾಡುವ ಎರಡು ಚಕ್ರಗಳನ್ನೂ ಕೊನೆಯವರೆಗೆ ತಿರುಗಿಸಿದ. ಪೆಟ್ಟಿಗೆಯೊಳಗಿನ ಎರಕದ ಭಾಗಗಳಲ್ಲಿ ಬಿರುಕೇನಾದರೂ ಇದ್ದಿದ್ದರೆ ಬೆಲೆಯ ಮಾತೇ ಇರುತ್ತಿರಲಿಲ್ಲ, ಬಿಟ್ಟು ಬರುತ್ತಿದ್ದೆವು. ಬ್ಲೇಡು ಕೂರುವ ದಂಡಕ್ಕೆ ಡಯಲ್ ಗೇಜ್ ತಾಗಿಸಿ ಕೈಯಿಂದ ತಿರುಗಿಸಿ ಅದುರುವಿಕೆ ಅಳೆದ. ಮೋಟಾರಿನ ತಗಡಿನ ಮೇಲೆ ಸಿಂಗಲ್ ಫೇಸ್, ಮೂರು ಅಶ್ವಶಕ್ತಿ ಎಂದಿತ್ತು. ಇದು ದೊಡ್ಡ ವಿಷಯ. ನಮ್ಮೂರಿನ ಬಡಗಿಯ ವರ್ಕ್‌ಶಾಪಿನಲ್ಲಿ ಮೂರು ಫೇಸ್ ಸಹಜ. ಅಲ್ಲಿಯ ಮನೆಗಳಲ್ಲಿ ಇರುವುದಿಲ್ಲ. ಹಾಗಾಗಿ ಕಾರ್ಖಾನೆಯಿಂದ ಬಂದ ಮೂರು ಫೇಸಿನ ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ಅಗ್ಗಕ್ಕೆ ಹೋಗುತ್ತದೆ.

ಸವಕಳಿಯ ಸೂತ್ರ ಇಲ್ಲಿ ಕೆಲಸಕ್ಕೆ ಬಾರದೆಂಬುದು ಗಣಿತದ ಮೇಷ್ಟರಿಗೆ ಸ್ವಲ್ಪ ಅವಮಾನದ ಸಂಗತಿಯೇ. ವರ್ಷಕ್ಕೆ ಶೇಕಡ ಹತ್ತರಂತೆ ಕಳೆಯುತ್ತ ಹೋದರೆ ಎರಡು ಸಾವಿರ ಡಾಲರಿನ ಯಂತ್ರ ಇಪ್ಪತ್ತೈದು ವರ್ಷಕ್ಕೆ 144 ಡಾಲರಿಗೆ ಇಳಿಯುತ್ತದೆ. ಆದರೆ ಬೀಡಿನ ಮೇಜಿಗೆ ವಯಸ್ಸು ಬೇಗ ಆಗುವುದಿಲ್ಲ. ಸುಸ್ಥಿತಿಯಲ್ಲಿದ್ದ ಇಂಥ ಹಳೆಯ ಯಂತ್ರಗಳು ಆ ಸುತ್ತಿನಲ್ಲಿ ಒಂಬೈನೂರರ ಆಸುಪಾಸಿಗೆ ಮಾರಾಟವಾಗುತ್ತಿದ್ದುದನ್ನು ಮಗ ನೋಡಿದ್ದ. ಇದರಲ್ಲಿ ಬೆಲ್ಟು, ಬೇರಿಂಗು ಬದಲಿಸಲು 120 ಕಳೆಯಬೇಕು. ಬ್ಲೇಡಿನ ಮೇಲಿನ ರಕ್ಷಾಕವಚವನ್ನು ಹಿಂದಿನವರು ಬಿಚ್ಚಿಟ್ಟು ಕಳೆದಿದ್ದರು, ಅದಕ್ಕೆ 150.

ಈ ಎರಡನೆಯದನ್ನು ಕೊಳ್ಳುವವರು ಸಾಮಾನ್ಯವಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೀಳಿದ ಮರ ಬ್ಲೇಡನ್ನು ಹಿಂದಿನಿಂದ ಬಿಗಿದರೆ ಹಲಗೆ ನಮ್ಮ ಕಡೆಗೇ ಚಿಮ್ಮುತ್ತದೆ. ಅದನ್ನು ತಡೆಯುವ ತೆಳು ಉಕ್ಕಿನ ಪಟ್ಟಿ ಆ ಕವಚದ ಜೊತೆಗೇ ಹೋಗಿತ್ತು. 2004ರಿಂದ ಸಾಸ್ಟಾಪ್ ಎಂಬ ಯಂತ್ರ ಮಾರುಕಟ್ಟೆಯಲ್ಲಿದೆ. ಬೆರಳು ತಾಗಿದರೆ ಅಲ್ಯೂಮಿನಿಯಂ ತುಂಡೊಂದು ಚಿಮ್ಮಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಬ್ಲೇಡನ್ನು ನಿಲ್ಲಿಸುತ್ತದೆ. ಅದರ ಕ್ಯಾಬಿನೆಟ್ ಮಾದರಿಯ ಹೊಸದಕ್ಕೆ 2023ರಲ್ಲಿ ಮೂರು ಸಾವಿರ ಡಾಲರಿಗೂ ಮೇಲಿತ್ತು. ಹಳೆಯದನ್ನು ಕೊಳ್ಳುವವನು ಉಳಿಸುವ ಹಣದಲ್ಲಿ ಒಂದು ಪಾಲು ಅವನ ಬೆರಳುಗಳ ಅಪಾಯದ ಬೆಲೆ ಎಂಬುದನ್ನು ಮರೆಯಬಾರದು.

ಎಲ್ಲ ಕಳೆದು ಉಳಿದದ್ದು 630. ಮಗ ಕೇಳಿದ ಮುನ್ನೂರನ್ನು ಎಣಿಸಿ ಕೊಟ್ಟ. ಆಕೆ ನಮಗೆ ತಣ್ಣನೆಯ ನೀರು ಕೊಟ್ಟು, ಗ್ಯಾರೇಜು ಖಾಲಿಯಾಯಿತೆಂದು ವಂದಿಸಿದರು. ನಾನು ಸುಮ್ಮನೆ ನಿಂತಿದ್ದೆ. ಅವರ ಇಂಗ್ಲಿಷಿಗೆ ನನ್ನ ಇಂಗ್ಲಿಷು ಅಳುಕಿತೆಂದು ನೆಪ ಹೇಳಬಹುದು. ನಿಜವೇನೆಂದರೆ, ಮಗನಿಗೆ ಲಾಭವಾಯಿತೆಂದು ನನಗೂ ಒಳಗೊಳಗೇ ಸಂತೋಷವಾಗಿತ್ತು.

ಹಿಂತಿರುಗುವಾಗ ಆ ಸಂತೋಷ ನಿಲ್ಲಲಿಲ್ಲ. ಮಾತು ತೆಗೆದೆ. "ಅಪ್ಪಾ, ಅವರು ಕೇಳಿದ್ದನ್ನೇ ಕೊಟ್ಟಿದ್ದೇನೆ, ಒಂದು ಡಾಲರನ್ನೂ ಚೌಕಾಸಿ ಮಾಡಿಲ್ಲ. ಇದರಲ್ಲಿ ಮೋಸವೆಲ್ಲಿ ಬಂತು? ನೀವು ಜಾತ್ರೆಯಲ್ಲಿ ಎತ್ತು ಕೊಂಡ ಕಥೆ ಹೇಳುತ್ತೀರಲ್ಲ, ತಾತ ಅಲ್ಲಿ ಬೆಲೆ ಇಳಿಸುತ್ತಿರಲಿಲ್ಲವೇ?" ಎಂದ.

ಇಳಿಸುತ್ತಿದ್ದರು, ಸಂದೇಹವಿಲ್ಲ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಗಂಟೆಗಟ್ಟಲೆ ವ್ಯಾಪಾರ ನಡೆಯುತ್ತಿತ್ತು. ಆದರೆ ಟವೆಲಿನ ಎರಡೂ ಕಡೆ ಇದ್ದವರು ಎತ್ತು ಬಲ್ಲವರು. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಯಾವುದೆಂದು ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಅಲ್ಲಿ ಮುಚ್ಚಿಟ್ಟದ್ದು ಸುತ್ತ ನಿಂತವರಿಂದ ಮಾತ್ರ. ಒಹಾಯೊದ ಗ್ಯಾರೇಜಿನಲ್ಲಿ ಹಲ್ಲು ನೋಡಬಲ್ಲವನು ಒಬ್ಬನೇ. ಅಲ್ಲಿ ಕೇಳಿದ ಬೆಲೆ ಬೆಲೆಯೇ ಅಲ್ಲ, ಆಕೆಯ ಊಹೆ. ಪರೀಕ್ಷಿಸಿ ಕಂಡದ್ದನ್ನೆಲ್ಲ ಎದುರಿನವರಿಗೆ ಹೇಳಿದ ಮೇಲೂ ಯಾವ ಬೆಲೆಯನ್ನು ಬಾಯಿಬಿಟ್ಟು ಹೇಳಬಲ್ಲೆವೋ ಅದನ್ನೇ ನಾನು ನ್ಯಾಯವಾದ ಬೆಲೆ ಎನ್ನುತ್ತೇನೆ. ಇನ್ನೂರು ಕಿಲೋ ಭಾರವನ್ನು ಸಾಗಿಸಲು ಬಾಡಿಗೆ ಲಾರಿ ಬೇಕೆಂದು ಮಗ ಹೇಳಿದ. ಅದು ಸರಿ, ಅದನ್ನೂ ಕಳೆಯೋಣ. ಗಂಡನನ್ನು ಕಳೆದುಕೊಂಡು ಮನೆ ಖಾಲಿ ಮಾಡುವವರ ಅವಸರವನ್ನು ಮಾತ್ರ ಕಳೆಯಬಾರದು. ನಮ್ಮಲ್ಲಿಯೂ ಬಡಗಿಯೊಬ್ಬ ಸತ್ತರೆ ಅವನ ಹತ್ಯಾರಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುವುದನ್ನು ನಾನು ಕಂಡಿದ್ದೇನೆ.

ಮುಂದಿನ ವಾರ, ಬಿಟ್ಟುಬಂದಿದ್ದ ಕಬ್ಬಿಣದ ಹಳಿಗಳನ್ನು ತರಲು ಹೋದಾಗ ಮಗ ಇನ್ನೂ ಮುನ್ನೂರು ಡಾಲರಿನ ಚೆಕ್ಕು ಕೊಟ್ಟು ಕಾರಣ ವಿವರಿಸಿದ. ಆಕೆ ಬಹಳ ಹೊತ್ತು ಚೆಕ್ಕನ್ನೇ ನೋಡಿ, "ಯಂತ್ರ ಕೆಟ್ಟಿದೆ, ಹಣ ವಾಪಸು ಕೊಡಿ ಎನ್ನಲು ಬಂದಿರೆಂದು ಹೆದರಿದ್ದೆ" ಎಂದರು. ಮಗ ನನ್ನ ವಾದವನ್ನು ಇಂದಿಗೂ ಪೂರ್ತಿ ಒಪ್ಪಿಲ್ಲ. ಆ ಮುನ್ನೂರನ್ನು ಅವನು ತನ್ನ ಲೆಕ್ಕದ ಪುಸ್ತಕದಲ್ಲಿ "ಅಪ್ಪನ ತೆರಿಗೆ" ಎಂದು ಬರೆದುಕೊಂಡಿದ್ದಾನೆ.