ಕುರ್ಚಿ ಬಿಟ್ಟ ಮೇಲಿನ ಮಾತು

ಮೊನ್ನೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: "ಸರ್, ರಿಟೈರ್ ಆದ ಮ್ಯಾಲೆ ಸರ್ಕಾರ ತಪ್ಪು ಮಾಡಿತು ಅಂತ ಪುಸ್ತಕ ಬರೀತಾರಲ್ರಿ, ಕುರ್ಚಿ ಮ್ಯಾಲೆ ಇದ್ದಾಗ ಯಾಕ್ ಹೇಳಲಿಲ್ರಿ?" ಪ್ರಶ್ನೆ ಅವನದಲ್ಲ, ಅವರಪ್ಪನದು ಎಂದು ಆಮೇಲೆ ತಿಳಿಯಿತು. ಇರಲಿ, ಪಾಲಕರಿಗೂ ಉತ್ತರ ಬೇಕಲ್ಲ!

ನಮ್ಮ ನಾಡಿನದೇ ಪ್ರಸಂಗ ನೋಡಿ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜಕುಮಾರ್ ಅವರನ್ನು ವೀರಪ್ಪನ್ ಕಾಡಿಗೆ ಒಯ್ದ. 108 ದಿನ ಯರಗೇರಾದ ಚಹಾದಂಗಡಿಯಲ್ಲೂ ಬೇರೆ ಮಾತಿರಲಿಲ್ಲ. ಆಗ ರಾಜ್ಯದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ದಿನಕರ್, ನಿವೃತ್ತಿಯ ನಂತರ ಪುಸ್ತಕವನ್ನೇ ಬರೆದು, ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಸರ್ಕಾರ ಅದನ್ನು ನಿಭಾಯಿಸಿದ ರೀತಿಯನ್ನು ಟೀಕಿಸಿದರು. ಬಿಡುಗಡೆಗೆ ಹಣ ಸಂದಾಯವಾಗಿದೆ ಎಂದರು. ಕೃಷ್ಣ ಅಲ್ಲಗಳೆದರು. ಓದುವವರು ಯಾರನ್ನು ನಂಬಬೇಕು?

ಬಿ.ಎಸ್ಸಿ. ಓದುವಾಗ ನಾನು ಲೋಲಕದ ಪ್ರಯೋಗದಲ್ಲಿ ಮೊದಲು ಉತ್ತರ 9.8 ಎಂದು ಬರೆದು, ಅದಕ್ಕೆ ಹೊಂದುವಂತೆ ಅಂಕಿಗಳನ್ನು ತುಂಬಿದ್ದೆ. ಪ್ರಾಧ್ಯಾಪಕರು ಅಂದವಾದ ರೆಕಾರ್ಡ್ ಮುಟ್ಟಲೇ ಇಲ್ಲ. "ಪ್ರಯೋಗ ಮಾಡುವಾಗ ಬರೆದುಕೊಂಡ ಕಚ್ಚಾ ಪುಸ್ತಕ ಎಲ್ಲಿ?" ಎಂದರು. ನಿವೃತ್ತರ ಮಾತಿಗೂ ನಾನು ಕೇಳುವುದು ಅದನ್ನೇ.

ಅಮೆರಿಕದ ರಿಚರ್ಡ್ ಕ್ಲಾರ್ಕ್ ಅವರ ಕಚ್ಚಾ ಪುಸ್ತಕ ಸಿಕ್ಕಿತು. ಶ್ವೇತಭವನದಲ್ಲಿ ಭಯೋತ್ಪಾದನೆ ನಿಗ್ರಹದ ಹೊಣೆ ಹೊತ್ತಿದ್ದ ಅವರು 2003ರಲ್ಲಿ ಕೆಲಸ ಬಿಟ್ಟರು. ಅಲ್‌ಖೈದಾ ಅಪಾಯವನ್ನು ಅಧ್ಯಕ್ಷ ಬುಷ್ ತುರ್ತೆಂದು ಪರಿಗಣಿಸಲಿಲ್ಲ, ದಾಳಿಯ ಬಳಿಕ ಇರಾಕಿಗೆ ನುಗ್ಗಿ ಹೋರಾಟವನ್ನೇ ದುರ್ಬಲಗೊಳಿಸಿದರು ಎಂದು 2004ರ ಮಾರ್ಚ್‌ನಲ್ಲಿ ತನಿಖಾ ಆಯೋಗದ ಮುಂದೆ ಹೇಳಿದರು. 2001ರ ಜನವರಿ 25ರಂದೇ ಉನ್ನತ ಸಭೆ ತುರ್ತಾಗಿ ಕರೆಯಿರಿ ಎಂದು ಅವರು ಬರೆದ ಟಿಪ್ಪಣಿ ಇತ್ತು. ಸಭೆ ಸೇರಿದ್ದು ಸೆಪ್ಟೆಂಬರ್ 4ಕ್ಕೆ. ಒಂದು ವಾರಕ್ಕೆ ದಾಳಿ ನಡೆದೇ ಹೋಯಿತು.

ಆದರೆ ಅದೇ ಕ್ಲಾರ್ಕ್ 2002ರ ಆಗಸ್ಟ್‌ನಲ್ಲಿ ಪತ್ರಕರ್ತರ ಮುಂದೆ ಸರ್ಕಾರದ ಕೆಲಸವನ್ನು ಹೊಗಳಿದ್ದನ್ನೂ ಶ್ವೇತಭವನ ಹೊರತೆಗೆಯಿತು. ಅಧಿಕಾರಿಯಾಗಿದ್ದಾಗ ಒಳ್ಳೆಯದನ್ನೇ ಎತ್ತಿ ಹೇಳಬೇಕಿತ್ತು ಎಂಬುದು ಅವರ ಸಮಜಾಯಿಷಿ. ಇದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೂ ಸತ್ತವರ ಕುಟುಂಬಗಳ ಎದುರು, ಸರ್ಕಾರ ಸೋತಿತು, ನಾನೂ ಸೋತೆ ಎಂದು ಕ್ಷಮೆ ಕೇಳಿದ ಅಧಿಕಾರಿಗಳು ಅಪರೂಪ.

ನಮ್ಮಲ್ಲಿಯೂ ಐಎಎಸ್, ಐಪಿಎಸ್ ಅಧಿಕಾರಿಗಳು ಸೇವೆಯಲ್ಲಿದ್ದಾಗ ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ. 1968ರ ನಡತೆ ನಿಯಮಗಳು ತಡೆಯುತ್ತವೆ. ಕಡತದಲ್ಲಿ ಬರೆಯುವುದಕ್ಕೆ ಮಾತ್ರ ತಡೆಯಿಲ್ಲ.

ಆ 108 ದಿನಗಳಲ್ಲೇ ಬಾಯಿ ತೆರೆದವರೂ ಇದ್ದರು. 1992ರಲ್ಲಿ ವೀರಪ್ಪನ್ ತಂಡದಿಂದ ಹತರಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. ವೀರಪ್ಪನ್ ಬೇಡಿಕೆಯಂತೆ ಟಾಡಾ ಬಂದಿಗಳ ಮೇಲಿನ ಆರೋಪ ಹಿಂಪಡೆಯಲು ಹೊರಟಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನೇ ಎತ್ತಿಹಿಡಿಯಿತು. 15ರಂದು ರಾಜಕುಮಾರ್ ಬಿಡುಗಡೆಯಾದರು.